ಅವನ ಹೆಸರಲ್ಲಿ ನೀನು ಬರೆಯುವ ಕೋಡ್

ಚಿರಂಜೀವಿ ಮೇಘಾಳಿಗೆ ಅತ್ತೆಯ ಆಶೀರ್ವಾದಗಳು.

ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನ ನಿನ್ನ ಪಾಸ್‌ವರ್ಡ್ ಗೆಳೆಯನಿಗೆ ಗೊತ್ತು, ಅವನದು ನಿನಗೆ ಗೊತ್ತು. ಅವನ ಪಾಲಿನ ಕೋಡನ್ನು ರಾತ್ರಿಯೆಲ್ಲ ಕೂತು ಬರೆದು ಅವನ ಖಾತೆಯಿಂದಲೇ ಪುಶ್ ಮಾಡುತ್ತೀಯ, ಅಂದರೆ ಅಲ್ಲಿಗೆ ಏರಿಸುತ್ತೀಯ. ಇದನ್ನು ನೀನು ನಂಬಿಕೆ ಅನ್ನುತ್ತೀಯ. ನನಗೆ ಹಾಗನ್ನಿಸುತ್ತಿಲ್ಲ ಮಗಳೇ.

ಇದಕ್ಕೆ ಕೋಡಿಪೆಂಡೆನ್ಸಿ ಅನ್ನುತ್ತಾರೆ, ಅಂದರೆ ಇನ್ನೊಬ್ಬರ ಹೊಣೆಯನ್ನೆಲ್ಲ ತಾನೇ ಹೊತ್ತು ತನ್ನನ್ನು ಮರೆಯುವುದು. ಈ ವಿಚಾರ ಮೊದಲು ಚರ್ಚೆಗೆ ಬಂದದ್ದು ಕುಡಿತದ ಚಟವಿದ್ದವರ ಕುಟುಂಬಗಳನ್ನು ಗಮನಿಸಿದಾಗ. ಕುಡಿದವನ ಪರವಾಗಿ ಆಫೀಸಿಗೆ ಸುಳ್ಳು ಹೇಳಿ, ಅವನ ಸಾಲ ತೀರಿಸಿ, ಅವನಿಗೆ ಬಿಸಿ ತಟ್ಟದಂತೆ ಮನೆಯವರು ಕಾಯುತ್ತಿದ್ದರು, ಚಟ ಮುಂದುವರಿಯುತ್ತಿತ್ತು. ಮಾನಸಿಕ ಕಾಯಿಲೆಗಳ ಅಮೆರಿಕನ್ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದನ್ನು ಕಾಯಿಲೆಯೆಂದು ಪಟ್ಟಿ ಮಾಡಿಲ್ಲ. ನಿನಗೇನೋ ರೋಗವಿದೆ ಎಂದು ಹೆದರಬೇಡ, ಇದು ಬಿಡಿಸಿಕೊಳ್ಳಬಹುದಾದ ರೂಢಿ.

ಸಹಾಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೆಲಸದಲ್ಲೇ ಕಾಣುತ್ತದೆ. ಸಹಾಯ ಪಡೆದವನು ಮುಂದಿನ ಸಲ ಅದೇ ಬಗೆಯ ಬಗ್ಗನ್ನು ತಾನೇ ಹುಡುಕುತ್ತಾನೆ. ಇಲ್ಲಿ ಅವನು ಕೇಳುವ ಮೊದಲೇ ನೀನು ಸರಿಪಡಿಸುತ್ತೀಯ, ಅವನ ಮುಖ ಬಾಡಿದರೆ ನಿನ್ನ ದಿನವೇ ಕೆಡುತ್ತದೆ, ಆಗುವುದಿಲ್ಲ ಎಂದರೆ ತಪ್ಪು ಮಾಡಿದಂತೆ ಒದ್ದಾಡುತ್ತೀಯ.

ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಕಮಿಟ್‌ನ (ಉಳಿಸಿದ ಒಂದೊಂದು ಬದಲಾವಣೆಯ) ಹೆಸರು, ಇಮೇಲ್ ಎರಡೂ ಕಾನ್ಫಿಗ್‌ನಿಂದ, ಅಂದರೆ ಗಿಟ್‌ನ ಸೆಟ್ಟಿಂಗ್‌ನಿಂದ ಬರುವಂಥವು. ಅಲ್ಲಿ ಏನು ಬರೆದರೂ ಅದನ್ನೇ ದಾಖಲಿಸುತ್ತದೆ. ಹಾಗಾಗಿ ಈಗಿನ ಲಾಗ್ ನೋಡಿದರೆ ಯಾರೂ ನಿನ್ನ ದುಡಿಮೆಯನ್ನು ಗುರುತಿಸಲಾರರು. ಇನ್ನು ಮುಂದೆ ಜೊತೆಗೆ ಬರೆದದ್ದಕ್ಕೆ ಕಮಿಟ್ ಸಂದೇಶದ ಕೊನೆಯಲ್ಲಿ ಒಂದು ಖಾಲಿ ಸಾಲು ಬಿಟ್ಟು, 'Co-authored-by:' (ಕೋ-ಆಥರ್ಡ್-ಬೈ) ಎಂದು ಶುರುವಾಗುವ ಟ್ರೈಲರ್ ಸಾಲಿನಲ್ಲಿ ನಿನ್ನ ಹೆಸರು, ಗಿಟ್‌ಹಬ್ ಖಾತೆಗೆ ಸೇರಿದ ಇಮೇಲ್ ಹಾಕು. ಇಬ್ಬರ ಹೆಸರೂ ಕಾಣುತ್ತದೆ. ಅದಕ್ಕೆ ಅವನು ಏನನ್ನುತ್ತಾನೆ ಎಂಬುದನ್ನು ಗಮನಿಸು.

ಖಾತೆ ಬೇರ್ಪಡಿಸುವ ಮುಂಚೆ ಒಂದು ಮಾತು. ಅವನು ಎಂದಾದರೂ ಬೆದರಿಸಿದ್ದರೆ, ನಿನ್ನ ಫೋನ್ ಅಥವಾ ಲೊಕೇಶನ್ ಮೇಲೆ ಕಣ್ಣಿಟ್ಟಿದ್ದರೆ, ತಕ್ಷಣ ಏನನ್ನೂ ಬದಲಿಸಬೇಡ. ಲಾಗೌಟ್ ಆದದ್ದು ಅವನಿಗೆ ಗೊತ್ತಾಗುತ್ತದೆ. ಅವನ ಕೈಗೆ ಸಿಗದ ಸಾಧನದಿಂದ ಮೊದಲು ಆಪ್ತಸಮಾಲೋಚಕರ ಜೊತೆ ಮಾತಾಡು.

ಅಂಥ ಭಯವಿಲ್ಲದಿದ್ದರೆ ಇಮೇಲ್‌ನಿಂದ ಶುರು ಮಾಡು, ಏಕೆಂದರೆ ಉಳಿದ ಖಾತೆಗಳ ರಿಸೆಟ್ ಲಿಂಕ್ ಬರುವುದು ಅಲ್ಲಿಗೇ. ಪಾಸ್‌ವರ್ಡ್ ಜೊತೆಗೆ ರಿಕವರಿ ಫೋನ್ ನಂಬರ್, ಫಾರ್ವರ್ಡಿಂಗ್ ನಿಯಮಗಳನ್ನೂ ನೋಡು. ಆಮೇಲೆ ಗಿಟ್‌ಹಬ್. ಬಹಳ ಮಂದಿ ಪಾಸ್‌ವರ್ಡ್ ಬದಲಿಸಿ ನಿಶ್ಚಿಂತರಾಗಿಬಿಡುತ್ತಾರೆ, ಎಡವುವುದೂ ಅಲ್ಲೇ. ಅವನ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕೀ (ಖಾತೆಯ ಪಾಸ್‌ವರ್ಡ್ ಕೇಳದೆ ಒಳಬಿಡುವ ಡಿಜಿಟಲ್ ಕೀಲಿ) ನಿನ್ನ ಖಾತೆಯಲ್ಲಿದ್ದರೆ ಪಾಸ್‌ವರ್ಡ್ ಬದಲಾದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಸ್‌ಎಚ್ ಕೀಗಳು, ಪಾಸ್‌ವರ್ಡಿನ ಬದಲು ಬಳಸುವ ಪರ್ಸನಲ್ ಆಕ್ಸೆಸ್ ಟೋಕನ್‌ಗಳು, ತೆರೆದಿರುವ ಲಾಗಿನ್ ಸೆಷನ್‌ಗಳನ್ನು ಒಂದೊಂದಾಗಿ ತೆರೆದು ನಿನ್ನದಲ್ಲದ್ದನ್ನು ತೆಗೆ. ಎರಡು ಹಂತದ ದೃಢೀಕರಣದ ರಿಕವರಿ ಕೋಡುಗಳನ್ನು ಹೊಸದಾಗಿ ಪಡೆದುಕೊ, ಹಳೆಯವು ಆಗ ರದ್ದಾಗುತ್ತವೆ. ಎಪಿಐ ಕೀ (ಬೇರೆ ಸೇವೆಯನ್ನು ನಿನ್ನ ಪ್ರೋಗ್ರಾಂ ಬಳಸಲು ಬೇಕಾದ ಗುಪ್ತ ಕೀಲಿ) ಇದ್ದ ಫೈಲನ್ನು ಎಂದಾದರೂ ಪುಶ್ ಮಾಡಿದ್ದರೆ, ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಕೀ ಉಳಿದೇ ಇರುತ್ತದೆ. ಆ ಕೀಯನ್ನೇ ರದ್ದು ಮಾಡು.

ಜೊತೆಗೆ ಕೆಲಸ ಮಾಡಲು ಪಾಸ್‌ವರ್ಡ್ ಹಂಚಿಕೊಳ್ಳಬೇಕಿಲ್ಲ. ಬೇಕಾದ ರೆಪೊಸಿಟರಿಗೆ (ಒಂದು ಪ್ರಾಜೆಕ್ಟಿನ ಕೋಡ್ ಇರುವ ಜಾಗಕ್ಕೆ) ಮಾತ್ರ ಅವನನ್ನು ಕೊಲಾಬೊರೇಟರ್ ಆಗಿ ಸೇರಿಸು. ಅವನ ಪುಲ್ ರಿಕ್ವೆಸ್ಟ್‌ನಲ್ಲಿ (ತನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ತಪ್ಪು ಕಂಡರೆ ಆ ಸಾಲಿನ ಮೇಲೆ ಕಾಮೆಂಟ್ ಬರಿ, ಪರಿಹಾರದ ಕೋಡ್ ಬರೆಯಬೇಡ. ಕಷ್ಟವೆಂದರೆ, "ಶನಿವಾರ ಒಂದು ಗಂಟೆ ಕೂರೋಣ, ಕೀಬೋರ್ಡ್ ನಿನ್ನ ಕೈಯಲ್ಲಿರಲಿ" ಅನ್ನು.

ಮೊದಮೊದಲು ಅವನ ಒತ್ತಾಯ ಹೆಚ್ಚಬಹುದು, ಒಂದು ಡೆಡ್‌ಲೈನ್ ತಪ್ಪಲೂಬಹುದು. ಆಗ ನಿನ್ನ ಕರುಳು ಕಿತ್ತು ಬರುತ್ತದೆ. ರಾತ್ರಿ ಹನ್ನೊಂದಕ್ಕೆ "ಇದೊಂದೇ ಸಲ" ಎಂಬ ಸಂದೇಶ ಬಂದರೆ ಲ್ಯಾಪ್‌ಟಾಪ್ ತೆರೆಯಬೇಡ, ನನಗೆ ಫೋನ್ ಮಾಡು.

ಇತಿ ನಿನ್ನ ಅತ್ತೆ