ಹಗ್ಗ ಬಿಗಿಯುವ ಮೊದಲು ಕೊಕ್ಕೆ ನೋಡು

ಪ್ರಿಯ ಗೆಳೆಯಾ,

ನಿನ್ನ ಹೊಸ ಜೀಪಿನ ಫೋಟೋ ನೋಡಿದೆ, ಚೆಂದ ಇದೆ. ದಪ್ಪ ಟೈರು, ಲೈಟು, ಕ್ಯಾರಿಯರ್ ಎಲ್ಲ ಹಾಕಿಸಿದ್ದೀಯ. ಆದರೆ ಎಳೆಯಲು ಸರಿಯಾದ ಕೊಕ್ಕೆ ಮಾತ್ರ ಎಲ್ಲೂ ಕಾಣಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ನಮ್ಮೂರು ಮುಳ್ಳೇರಿಯಕ್ಕೆ ಬರುತ್ತೇನೆ ಅಂದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಇಲ್ಲಿ ಗುಡ್ಡೆ ಮೇಲೆ ಮುರಕಲ್ಲೆಲ್ಲ ಪಾಚಿ ಹಿಡಿದು ಜಾರುತ್ತದೆ. ಕೆಳಗೆ ತೋಡು ದಾಟಿದರೆ ಅಡಿಕೆ ತೋಟದ ಕೆಸರು. ಗಾಡಿ ಹೂತರೆ ಅಕ್ಕಪಕ್ಕದ ಮನೆಯವರೆಲ್ಲ ಓಡಿ ಬರುತ್ತಾರೆ, ಅದು ನಮ್ಮೂರಿನ ಒಳ್ಳೆಯ ಗುಣ. ಯಾರೋ ಹಗ್ಗ ತರುತ್ತಾರೆ, ಇನ್ಯಾರೋ ಬಗ್ಗಿ ಕೈಗೆ ಸಿಕ್ಕಿದ್ದಕ್ಕೆ ಕಟ್ಟುತ್ತಾರೆ. ನನಗೆ ಭಯವಾಗುವುದು ಆಗಲೇ.

ಹೂತ ಗಾಡಿ ಎಷ್ಟು ಭಾರ ಅಂತ ಜನಕ್ಕೆ ಅಂದಾಜೇ ಇರುವುದಿಲ್ಲ. ಕೆಸರು ಚಕ್ರದ ಹಬ್‌ವರೆಗೆ ಬಂದರೆ ಗಾಡಿಯ ಪೂರ್ತಿ ತೂಕದಷ್ಟೇ ಜಗ್ಗಬೇಕು. ಟೈರು ಮುಳುಗಿದರೆ ಅದರ ಎರಡು ಪಟ್ಟು. ಎರಡು ಟನ್ ಗಾಡಿಗೆ ನಾಲ್ಕು ಟನ್ ಎಳೆತ ಬೇಕಾಯಿತು, ಅಲ್ವಾ? ಇಷ್ಟನ್ನೂ ತಡೆಯಬೇಕಾದದ್ದು ಆ ಒಂದು ಕೊಕ್ಕೆ.

ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಉಂಡೆಯಾಕಾರದ ಕಬ್ಬಿಣದ ಗುಂಡಿಗೆ (ಟೋ ಬಾಲ್) ಹಗ್ಗ ಹಾಕಲು ಯಾರಿಗೂ ಬಿಡಬೇಡ. ಅದು ಇರುವುದು ಉರುಳುವ ಟ್ರೈಲರಿಗೆ, ಜರ್ಕ್ ಹೊಡೆದು ಎಳೆಯಲು ಅಲ್ಲ. ಎಳೆಯುವ ನೈಲಾನ್ ಪಟ್ಟಿ ತನ್ನ ಉದ್ದದ ಸುಮಾರು 20 ಶೇಕಡಾ ಹಿಗ್ಗುತ್ತದೆ. ಗುಂಡಿ ಮುರಿದರೆ ಆ ಬಿಗಿತವೆಲ್ಲ ಕಬ್ಬಿಣದ ತುಂಡಿಗೆ ಸೇರಿ, ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೇ ಜನ ಸತ್ತಿದ್ದಾರೆ. ಲಾರಿಯಲ್ಲಿ ಸಾಗಿಸುವಾಗ ಬಿಗಿಯುವ ತೆಳು ತಗಡಿನ ಕಿವಿ, ಬಂಪರಿಗೆ ತಿರುಗಿಸಿ ಹಾಕುವ ಉಂಗುರ, ಆಕ್ಸಲ್, ಇವೂ ಬೇಡವೇ ಬೇಡ.

ಬೇಕಾದದ್ದು ನೇರ ಚಾಸಿಸ್‌ಗೆ ಹೈ ಟೆನ್ಸೈಲ್ ಬೋಲ್ಟಿನಲ್ಲಿ ಕೂತ, ಎಷ್ಟು ಟನ್ ತಡೆಯುತ್ತದೆ ಅಂತ ಮೇಲೆ ಅಚ್ಚೊತ್ತಿದ ಕೊಕ್ಕೆ. ನಿನ್ನ ಮಾಡೆಲ್‌ಗೇ ಮಾಡಿದ್ದಾಗಿರಬೇಕು. ಬೀದಿಬದಿ ವೆಲ್ಡಿಂಗ್ ಕೊಕ್ಕೆ ಎಷ್ಟೇ ದಪ್ಪ ಇದ್ದರೂ ನನಗೆ ನಂಬಿಕೆ ಇಲ್ಲ. ಮುಂದೆ ಎರಡಿದ್ದರೆ ಎರಡಕ್ಕೂ ಸೇರಿಸುವ ಬ್ರೈಡಲ್ ಪಟ್ಟಿ ಹಾಕು, ಭಾರ ಎರಡಕ್ಕೂ ಹಂಚುತ್ತದೆ. ಹಿಂದೆ ಟ್ರೈಲರ್ ಸಿಕ್ಕಿಸುವ ಹಿಚ್ಚಿನ ಚೌಕ ಕೊಳವೆ ಇದ್ದರೆ ಗುಂಡಿ ತೆಗೆದು, ಶಕಲ್ (ಅಡ್ಡ ಪಿನ್ ಇರುವ U ಆಕಾರದ ಕಬ್ಬಿಣದ ಕೊಂಡಿ) ಇರುವ ರಿಕವರಿ ಬ್ಲಾಕ್, ಅಂದರೆ ಎಳೆಯಲೆಂದೇ ಮಾಡಿದ ಗಟ್ಟಿ ತುಂಡು, ತೂರಿಸು. ಕೊಳವೆಯ ಬರೀ ಅಡ್ಡ ಪಿನ್ನಿಗೆ ಪಟ್ಟಿ ಸಿಕ್ಕಿಸಿದರೆ ಪಿನ್ ಬಗ್ಗಿ ಹೊರಗೇ ಬರುವುದಿಲ್ಲ.

ಶಕಲ್ ಕೊಳ್ಳುವಾಗಲೂ ಅಷ್ಟೇ. ಮೈಮೇಲೆ 3.25 ಅಥವಾ 4.75 ಟನ್ ಅಂತ ಅಚ್ಚು ಇರಲಿ. ಪಿನ್ ಪೂರ್ತಿ ಬಿಗಿದು, ಆಮೇಲೆ ಕಾಲು ಸುತ್ತು ಸಡಿಲಿಸು. ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಂಡು ಕೂರುತ್ತದೆ. ಎರಡು ಪಟ್ಟಿಗಳನ್ನು ಮಾತ್ರ ಶಕಲ್ ಹಾಕಿ ಜೋಡಿಸಬೇಡ. ಒಂದು ಪಟ್ಟಿ ಹರಿದರೆ ಆ ಶಕಲ್ಲೇ ಹಾರುತ್ತದೆ.

ಎಳೆಯುವ ಮೊದಲು ಹಾರೆ ಹಿಡಿದು ಚಕ್ರದ ಮುಂದಿನ ಮಣ್ಣು ತೆಗೆಯೋಣ. ಪಟ್ಟಿಯ ನಡುವೆ ಭಾರದ ಗೋಣಿಯೋ ಒದ್ದೆ ಕಂಬಳಿಯೋ ಹಾಕೋಣ. ನೋಡಲು ಬಂದ ಮಕ್ಕಳನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರಕ್ಕೆ, ಅದೂ ಬದಿಗೆ ಕಳಿಸುವುದು ನನ್ನ ಕೆಲಸ. ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈ ಭಾನುವಾರ ಗಾಡಿ ಕೆಳಗೆ ನುಗ್ಗಿ ಮುಂದಿನ, ಹಿಂದಿನ ಎರಡೂ ಕಡೆಯ ಫೋಟೋ ತೆಗೆದು ಕಳಿಸು. ಲೋಡ್ ಸೇರಿ ಗಾಡಿಯ ಒಟ್ಟು ತೂಕ ಎಷ್ಟು ಅಂತಲೂ ಬರೆ. ಪಟ್ಟಿಯ ತಾಕತ್ತು, ಎಳೆಯುವ ಮತ್ತು ಹೂತ ಗಾಡಿಗಳಲ್ಲಿ ಹಗುರವಾದದ್ದರ ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ಲೆಕ್ಕ ಹಾಕಿ ಮಂಗಳೂರಿನಿಂದ ನಾನೇ ತಂದಿಡುತ್ತೇನೆ.

ಇಂತಿ ನಿನ್ನ ಗೆಳೆಯ