ಅರಣ್ಯ ಹಕ್ಕಿನ ಕಡತ ಊರಲ್ಲೇ ಇರಲಿ

ಮಾನ್ಯರೇ,

ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ಊರುಗಳಲ್ಲಿ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದವರ ಮೂಲ ದಾಖಲೆಗಳು ನೆರವಿಗೆ ಬಂದ ಹೊರಗಿನ ಸಂಸ್ಥೆಗಳ ಕಪಾಟಿನಲ್ಲಿ ಉಳಿಯುವ ಪರಿಪಾಟ ನಿಲ್ಲಬೇಕು. ಯೋಜನೆ ಮುಗಿದು ಕಾರ್ಯಕರ್ತರು ಬದಲಾದರೆ ಕಡತ ಎಲ್ಲಿದೆ ಎಂಬುದೇ ಅರ್ಜಿದಾರರಿಗೆ ತಿಳಿಯುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಪಡೆದು ಪರಿಶೀಲಿಸುವುದು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯ ಕೆಲಸ. ಪರಿಶಿಷ್ಟ ಪಂಗಡಕ್ಕೆ ಸೇರದ, ದನ ಸಾಕುವ ಗೌಳಿಗಳಂತಹ ಕುಟುಂಬಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಸರ್ಕಾರಿ ಕಾಗದ ಸಿಗದ ಕಡೆ ಊರ ಹಿರಿಯರ ಲಿಖಿತ ಹೇಳಿಕೆಯೂ ಪುರಾವೆಯೇ. ಆದರೆ ಒಂದೇ ಒಕ್ಕಣೆಯಲ್ಲಿ ಹೆಸರಷ್ಟೇ ಬದಲಿಸಿ ಎಲ್ಲರ ಅರ್ಜಿಗೂ ಲಗತ್ತಿಸಿದರೆ (ಇದೂ ನಡೆಯುತ್ತದೆ) ಗ್ರಾಮಸಭೆಯ ಠರಾವನ್ನು ಮುಂದೆ ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿ ನಂಬುವುದಾದರೂ ಹೇಗೆ? ಯಾವ ಹಳ್ಳದ ಪಕ್ಕ ದನದ ಕೊಟ್ಟಿಗೆಯಿತ್ತು, ಗೋಮಾಳ ಎಲ್ಲಿಯವರೆಗಿತ್ತು ಎಂಬುದನ್ನು ಹಿರಿಯರೇ ಹೇಳಬೇಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ 60 ದಿನಗಳಷ್ಟೇ. ಆದೇಶದ ಪ್ರತಿ ಸಂಸ್ಥೆಯಲ್ಲೇ ಉಳಿದರೆ ಗಡುವು ಮೀರಿದಂತೆಯೇ.

ಸಂಸ್ಥೆಗಳೇ ಬೇಡವೆಂದಲ್ಲ. ಜಿಪಿಎಸ್ ಅಳತೆ, ನಕಾಶೆ, ಕಾನೂನು ಸಲಹೆಗೆ ಅವರು ಬೇಕು. ಅವರ ಕೆಲಸ ಯಾವುದು, ಎಲ್ಲಿಯವರೆಗೆ ಎಂಬುದನ್ನು ಗ್ರಾಮಸಭೆ ಮೊದಲೇ ಠರಾವು ಮಾಡಿ, ಅದನ್ನು ಮರಾಠಿಯಲ್ಲೂ ಓದಿ ಹೇಳಲಿ. ಮೂಲ ದಾಖಲೆ ಸಮಿತಿಯ ಕಾರ್ಯದರ್ಶಿಯಲ್ಲಿ, ಜೆರಾಕ್ಸ್ ಸಂಸ್ಥೆಯಲ್ಲಿ, ಸ್ವೀಕೃತಿ ಪತ್ರ ಅರ್ಜಿದಾರರ ಕೈಯಲ್ಲಿ ಇರುವಂತೆ ತಾಲ್ಲೂಕು ಆಡಳಿತ ನೋಡಿಕೊಳ್ಳಲಿ.

– ಓರ್ವ ಓದುಗ, ಖಾನಾಪುರ