ಕುಡಿದು ಓಡಿಸಿದವನಿಗೆ ಯಾಕ್ರೀ ವಿಮೆ ಅನ್ನುವವರಿಗೆ

ಸಂಪಾದಕರಿಗೆ ನಮಸ್ಕಾರ.

ಕುಡಿದು ಕಾರು ಓಡಿಸಿ ಶಿಕ್ಷೆಯಾದವರ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. ‘ಇಂಥವರಿಗೆ ವಿಮೆಯನ್ನೇ ಕೊಡಬಾರದು, ಕೊಟ್ಟರೂ ಹತ್ತು ಪಟ್ಟು ಕಟ್ಟಿಸಿಕೊಳ್ಳಬೇಕು’ ಅಂತ. ಹೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ತಪ್ಪು. ಅದನ್ನು ತಪ್ಪು ಅನ್ನುವ ಹಕ್ಕು ನನಗಿದೆಯೋ ಇಲ್ಲವೋ ನೀವೇ ಹೇಳಿ, ಯಾಕಂದ್ರೆ ನಾನೂ ಅಂಥವನೇ. ನಾಲ್ಕು ವರ್ಷದ ಹಿಂದೆ ಶಿಕ್ಷೆಯಾಯಿತು. ದಯವಿಟ್ಟು ಹೆಸರು ಹಾಕಬೇಡಿ. ಪತ್ರಿಕೆ ಓದುವ ವಯಸ್ಸಿನ ಮಗಳಿದ್ದಾಳೆ. ಅವಳಿಗೆ ವಿಷಯ ಗೊತ್ತು, ಅವಳ ಗೆಳತಿಯರಿಗೆ ಗೊತ್ತಾಗುವುದು ಬೇಡ.

ರಾತ್ರಿ ಕುಡಿದೆ, ಮಲಗಿದೆ, ಬೆಳಿಗ್ಗೆ ಎದ್ದು ತಣ್ಣೀರು ಸ್ನಾನ ಮಾಡಿ, ಎರಡು ಲೋಟ ಕಾಫಿ ಕುಡಿದು ಕಾರು ತೆಗೆದೆ. ದಾರಿಯಲ್ಲಿ ಪೊಲೀಸರು ಊದಿಸಿದರು. ಮಿತಿಗಿಂತ ಜಾಸ್ತಿ ಬಂತು. ಸ್ನಾನಕ್ಕೂ ಕಾಫಿಗೂ ರಕ್ತದಲ್ಲಿರುವ ಮದ್ಯ ಇಳಿಯುವುದಿಲ್ಲ, ಲಿವರ್ ತನ್ನ ಪಾಡಿಗೆ ತಾನು ನಿಧಾನವಾಗಿ ಕರಗಿಸುತ್ತದೆ, ನಾವು ಅವಸರ ಮಾಡಿದರೆ ಅದು ಕೇಳುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಅವತ್ತು ಬೆಳಿಗ್ಗೆ ತಲೆ ಭಾರ ಇತ್ತು, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೀಲಿ ತಿರುಗಿಸಿದೆ. ಯಾರಿಗೂ ಗುದ್ದಲಿಲ್ಲ. ಅದು ಅದೃಷ್ಟ ಅಷ್ಟೇ.

ಕೋರ್ಟು, ದಂಡ, ಲೈಸೆನ್ಸ್ ಅಮಾನತು ಎಲ್ಲ ಆದಮೇಲೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಹಳೆಯ ವಿಮಾ ಕಂಪನಿ ಎರಡು ಸಾಲಿನ ಪತ್ರ ಕಳಿಸಿ ಕೈ ತೊಳೆದುಕೊಂಡಿತ್ತು. ಲೈಸೆನ್ಸ್ ವಾಪಸ್ ಬಂದ ವಾರ ಬೇರೆ ಕಂಪನಿಗಳಿಗೆ ಫೋನ್ ಮಾಡಲು ಕೂತೆ. ಕಾರು ಯಾವುದು, ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ, ಇಲ್ಲಿವರೆಗೆ ಮಾತು ಚೆನ್ನಾಗೇ ಹೋಗುತ್ತಿತ್ತು. ‘ಏನಾದರೂ ಶಿಕ್ಷೆ ಆಗಿದೆಯಾ ಸರ್?’ ಹೌದು ಅನ್ನುತ್ತಿದ್ದೆ. ಯಾವುದಕ್ಕೆ ಅಂತಲೂ ಹೇಳುತ್ತಿದ್ದೆ. ಆಗ ಆ ಕಡೆ ಕೀಬೋರ್ಡ್ ಸದ್ದು ನಿಂತುಹೋಗುತ್ತಿತ್ತು. ಕೆಲವರು ಸೀದಾ ಆಗಲ್ಲ ಅಂದರು, ಕೆಲವರು ಮತ್ತೆ ಫೋನ್ ಮಾಡುತ್ತೇವೆ ಅಂದವರು ಮಾಡಲೇ ಇಲ್ಲ, ಇಬ್ಬರು ಮಾತ್ರ ಮೊತ್ತ ಹೇಳಿದರು. ಎರಡೂ ಮೊತ್ತ ಕೇಳಿ ಕಾರು ಮಾರಿಬಿಡೋಣ ಅನ್ನಿಸಿತು.

ಆಮೇಲೆ ಒಬ್ಬ ಏಜೆಂಟ್ ಮನೆಗೆ ಬಂದ. ನಿಮ್ಮ ಕೆಲಸ ನಾನು ಸುಲಭ ಮಾಡಿಕೊಡ್ತೀನಿ ಅಂದ. ಫಾರಂ ನನ್ನ ಮುಂದೆ ಇಟ್ಟ. ‘ಕಳೆದ ಐದು ವರ್ಷದಲ್ಲಿ ನಿಮಗೆ ವಾಹನ ಚಾಲನೆಗೆ ಸಂಬಂಧಿಸಿದ ಶಿಕ್ಷೆ ಆಗಿದೆಯೇ’ ಅನ್ನುವ ಪ್ರಶ್ನೆ, ಎದುರಿಗೆ ಎರಡು ಚೌಕ. ‘ಇಲ್ಲ’ ಅನ್ನುವ ಚೌಕದ ಪಕ್ಕ ಅವನು ಆಗಲೇ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿದ್ದ. ನಾನು ಅದರ ಮೇಲೆ ಪೆನ್ನು ಎಳೆದರೆ ಸಾಕಿತ್ತು. ‘ಸುಳ್ಳು ಹೇಳಬೇಡಿ, ನಿಮಗೆ ಆಸೆ ಆಗಿತ್ತಾ’ ಅಂತ ನೀವು ಕೇಳಿದರೆ, ಆಗಿತ್ತು. ಪೆನ್ನಿನ ಮುಚ್ಚಳ ತೆಗೆದಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಅವನನ್ನೇ ಕೇಳಿದಳು, ‘ಏನಪ್ಪಾ, ನಾಳೆ ಇವರು ಯಾರಿಗಾದರೂ ಗುದ್ದಿದರೆ ಈ ಕಾಗದ ನಿಲ್ಲುತ್ತಾ?’ ಅವನು ಬ್ಯಾಗಿನಲ್ಲಿ ಏನೋ ಹುಡುಕತೊಡಗಿದ. ನಾನು ಮುಚ್ಚಳ ಹಾಕಿದೆ.

ಅವಳ ಪ್ರಶ್ನೆಗೆ ಉತ್ತರ ನಾನೇ ಹುಡುಕಿಕೊಂಡೆ. ನಿಲ್ಲುವುದಿಲ್ಲ. ಬ್ರಿಟನ್‌ನಲ್ಲಿ ಇದಕ್ಕಂತಲೇ 2012ರ ಕಾಯ್ದೆ ಇದೆ, ಬೇಕುಬೇಕೆಂದೇ ಸುಳ್ಳು ಮಾಹಿತಿ ಕೊಟ್ಟವನ ಪಾಲಿಸಿಯನ್ನು ಕಂಪನಿ ಮೊದಲಿನಿಂದಲೇ ಇರಲಿಲ್ಲ ಅನ್ನುವ ಹಾಗೆ ರದ್ದು ಮಾಡಬಹುದು, ಕ್ಲೇಮ್ ಕೊಡುವುದೂ ಬೇಡ, ಸಾಮಾನ್ಯವಾಗಿ ಕಟ್ಟಿದ ಪ್ರೀಮಿಯಂ ವಾಪಸ್ ಮಾಡುವುದೂ ಬೇಡ. ಬೇರೆ ದೇಶಗಳಲ್ಲೂ ತಿರುಳು ಇದೇ. ಸುಳ್ಳು ಹೇಳಿ ತೆಗೆದುಕೊಂಡ ಅಗ್ಗದ ಪಾಲಿಸಿ ವರ್ಷವಿಡೀ ಚೆನ್ನಾಗಿರುತ್ತದೆ, ಬೇಕಾದ ದಿನ ಮಾತ್ರ ಇರುವುದಿಲ್ಲ. ಕಾರನ್ನು ಹೆಂಡತಿ ಹೆಸರಿಗೋ ಅಪ್ಪನ ಹೆಸರಿಗೋ ಮಾಡಿ, ಅವರೇ ಓಡಿಸುತ್ತಾರೆ ಅಂತ ಬರೆದು, ದಿನಾ ತಾನು ಓಡಿಸುವವರಿದ್ದಾರಲ್ಲ, ಅದೂ ಇದೇ ಲೆಕ್ಕ. ಮೋಸದ ಕೇಸಿಗೆ ಮನೆಯವರನ್ನೂ ಎಳೆದ ಹಾಗಾಗುತ್ತದೆ.

ಈಗ ನಾನು ಯಾಕೆ ಬರೆಯಲು ಕೂತೆ ಅನ್ನುವ ವಿಷಯಕ್ಕೆ ಬರುತ್ತೇನೆ. ವಿಮೆಯಲ್ಲಿ ಮುಖ್ಯವಾದ ಭಾಗ ನನ್ನ ಕಾರಿನದ್ದಲ್ಲ. ನಾನು ಗುದ್ದಿದರೆ ಕಾಲು ಮುರಿದುಕೊಳ್ಳುವ ಪಾದಚಾರಿಯದ್ದು, ಬೈಕಿನವನದ್ದು, ಎದುರು ಕಾರಿನಲ್ಲಿ ಕೂತ ಮಗುವಿನದ್ದು. ಅದಕ್ಕೇ ಅಲ್ವಾ ಆ ಭಾಗವನ್ನು ಎಷ್ಟೋ ದೇಶಗಳು ಕಡ್ಡಾಯ ಮಾಡಿರುವುದು? ಶಿಕ್ಷೆಯಾದವನಿಗೆ ವಿಮೆ ಕೈಗೆ ಸಿಗದ ಹಾಗೆ ಮಾಡಿದರೆ ಅವನು ಕಾರು ಬಿಟ್ಟು ನಡೆದುಕೊಂಡು ಹೋಗುತ್ತಾನೆ ಅಂತ ನಾವು ನಂಬುತ್ತೇವೆ. ಕೆಲವರು ಹೋಗುತ್ತಾರೆ. ಕೆಲಸಕ್ಕೆ ಹೋಗಲೇಬೇಕಾದವನು, ಬಸ್ಸಿಲ್ಲದ ಕಡೆ ಇರುವವನು, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ವಿಮೆ ಇಲ್ಲದೆಯೇ ಓಡಿಸುತ್ತಾನೆ. ಅವನು ಗುದ್ದಿದರೆ ದುಡ್ಡು ಕೊಡುವವರು ಯಾರು? ಭಾರತದಲ್ಲಿ ಕುಡಿದು ಅಪಘಾತ ಮಾಡಿದ ಪ್ರಕರಣಗಳಲ್ಲೂ ಕೋರ್ಟುಗಳು ಮೊದಲು ಗಾಯಗೊಂಡವರಿಗೆ ಕೊಡಿ, ಆಮೇಲೆ ಓಡಿಸಿದವನಿಂದ ವಸೂಲಿ ಮಾಡಿಕೊಳ್ಳಿ ಅಂತ ವಿಮಾ ಕಂಪನಿಗೆ ಹೇಳಿದ್ದುಂಟು. ‘ಪೇ ಅಂಡ್ ರಿಕವರ್’ ಅನ್ನುತ್ತಾರೆ. ಎಷ್ಟು ನ್ಯಾಯದ ಏರ್ಪಾಡು ನೋಡಿ. ಆದರೆ ಅದು ನಡೆಯಬೇಕಾದರೆ ಮೊದಲು ಪಾಲಿಸಿ ಅಂತ ಒಂದು ಇರಬೇಕು.

ನನಗೆ ರಿಯಾಯಿತಿ ಕೊಡಿ ಅಂತ ಕೇಳುತ್ತಿಲ್ಲ. ಜಾಸ್ತಿ ಕಟ್ಟಬೇಕಾದ್ದು ನ್ಯಾಯ. ಒಮ್ಮೆ ಹಾಗೆ ಮಾಡಿದವನು ಮತ್ತೆ ಮಾಡಬಹುದು ಅಂತ ಕಂಪನಿ ಲೆಕ್ಕ ಹಾಕಿದರೆ ನಾನು ಯಾವ ಮುಖ ಇಟ್ಟುಕೊಂಡು ಅಲ್ಲ ಅನ್ನಲಿ? ನಾನು ಕೇಳುವುದು ಮುಚ್ಚುಮರೆ ಇಲ್ಲದ ಮಾತು. ಎಷ್ಟು ಜಾಸ್ತಿ, ಎಷ್ಟು ವರ್ಷ, ಯಾವ ದಿನದಿಂದ ಎಣಿಸುತ್ತೀರಿ, ಏನು ಮಾಡಿದರೆ ಕಡಿಮೆಯಾಗುತ್ತದೆ. ಇಷ್ಟನ್ನು ತಿಳಿದುಕೊಳ್ಳಲು ನನಗೆ ತಿಂಗಳುಗಟ್ಟಲೆ ಹಿಡಿಯಿತು.

ವರ್ಷದ ಲೆಕ್ಕವೇ ದೊಡ್ಡ ಗೊಂದಲ. ಬ್ರಿಟನ್‌ನಲ್ಲಿ ಕುಡಿದು ಓಡಿಸಿದ ಅಪರಾಧಕ್ಕೆ ಡಿಆರ್10 ಅನ್ನುವ ಗುರುತು ಲೈಸೆನ್ಸ್ ದಾಖಲೆಯಲ್ಲಿ 11 ವರ್ಷ ಉಳಿಯುತ್ತದೆ, ಆದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಕಳೆದ 5 ವರ್ಷದ್ದನ್ನು. ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆಯ ಚಾಲಕರಿಗೆ ಸಿಗುವ ರಿಯಾಯಿತಿ 10 ವರ್ಷ ಕೈತಪ್ಪುತ್ತದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಎಸ್ಆರ್-22 ಅನ್ನುವ ಕಾಗದ ಬೇಕು. ಅದನ್ನೇ ವಿಮೆ ಅಂದುಕೊಳ್ಳುವವರಿದ್ದಾರೆ. ಅದು ವಿಮೆ ಅಲ್ಲ, ಇವನ ಹತ್ತಿರ ಕನಿಷ್ಠ ವಿಮೆ ಇದೆ ಅಂತ ಕಂಪನಿ ಸರ್ಕಾರಕ್ಕೆ ಸಲ್ಲಿಸುವ ಪ್ರಮಾಣಪತ್ರ. ಹೆಚ್ಚಿನ ಕಡೆ 3 ವರ್ಷ ಇಟ್ಟುಕೊಂಡಿರಬೇಕು. ಫ್ಲೋರಿಡಾ, ವರ್ಜೀನಿಯಾದಲ್ಲಿ ಕುಡಿದು ಓಡಿಸಿದವರಿಗೆ ಎಫ್ಆರ್-44 ಅಂತ ಬೇರೆಯೇ ಇದೆ, ಅದಕ್ಕೆ ವಿಮೆಯ ಮಿತಿಯೂ ಹೆಚ್ಚಿರಬೇಕು. ಮಧ್ಯದಲ್ಲಿ ಒಂದು ಕಂತು ತಪ್ಪಿ ಪಾಲಿಸಿ ನಿಂತರೆ ಕಂಪನಿಯೇ ಸರ್ಕಾರಕ್ಕೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಹೋಗುತ್ತದೆ. ಹಾಗಾಗಿ ಈ ಸ್ಥಿತಿಯಲ್ಲಿರುವವರು ಬೇರೆ ಯಾವ ಖರ್ಚು ಬೇಕಾದರೂ ಮುಂದೂಡಲಿ, ವಿಮೆಯ ಕಂತು ಮಾತ್ರ ತಪ್ಪಿಸಬಾರದು. ವಿಮೆಯಿಲ್ಲದ ಅಂತರ ಇದ್ದರೆ ಮುಂದಿನ ಕಂಪನಿಯೂ ಅದನ್ನು ಹಿಡಿದುಕೊಂಡು ಜಾಸ್ತಿ ಕೇಳಬಹುದು. ಕಾರು ಮಾರಿದವರಿಗೂ ಅಮೆರಿಕದಲ್ಲಿ ‘ನಾನ್ ಓನರ್’ ಅನ್ನುವ ಪಾಲಿಸಿ ಸಿಗುತ್ತದೆ, ಸ್ವಂತ ಕಾರಿಲ್ಲದವರಿಗೆ. ಸಾಮಾನ್ಯವಾಗಿ ಅಗ್ಗ. ಲೈಸೆನ್ಸ್ ಉಳಿಸಿಕೊಳ್ಳಲು ಎಷ್ಟೋ ಜನಕ್ಕೆ ಅಷ್ಟೇ ಸಾಕು.

ನನಗೆ ಕೊನೆಗೆ ದಾರಿ ತೋರಿಸಿದ್ದು ಒಬ್ಬ ಬ್ರೋಕರ್. ಒಂದೇ ಕಂಪನಿಯ ಏಜೆಂಟ್ ಅಲ್ಲ, ಹಲವು ಕಂಪನಿಗಳ ಜೊತೆ ವ್ಯವಹಾರ ಇರುವವರು. ನನ್ನಂಥವರನ್ನೇ ತೆಗೆದುಕೊಳ್ಳುವ ಕಂಪನಿಗಳು ಬೇರೆ ಇರುತ್ತವೆ, ಹೆಸರು ಕೇಳಿರುವ ದೊಡ್ಡ ಕಂಪನಿಗಳ ಬಾಗಿಲು ಬಡಿದು ಸುಮ್ನೆ ಸುಸ್ತಾಗಬೇಡಿ ಅಂದರು. ಅವರು ಮೊದಲು ಕೇಳಿದ್ದು ಕೋರ್ಟಿನ ಆದೇಶದ ಪ್ರತಿ. ತಾರೀಖಿನ ಮೇಲೆ ಬೆರಳಿಟ್ಟು, ‘ಈ ದಿನ ಬರೆದಿಟ್ಟುಕೊಳ್ಳಿ, ಕೆಲವು ಕಂಪನಿ ತಪ್ಪು ನಡೆದ ದಿನದಿಂದ ಎಣಿಸುತ್ತವೆ, ಕೆಲವು ಶಿಕ್ಷೆಯಾದ ದಿನದಿಂದ’ ಅಂದರು. ಎರಡರ ಮಧ್ಯೆ ನನ್ನ ಕೇಸಿನಲ್ಲಿ ಏಳು ತಿಂಗಳ ಅಂತರ ಇತ್ತು. ಏಳು ತಿಂಗಳು ಅಂದರೆ ಒಂದು ರಿನ್ಯೂವಲ್ ಆ ಕಡೆಯೋ ಈ ಕಡೆಯೋ ಬೀಳುವಷ್ಟು.

ದೊಡ್ಡ ಕಾರು ಮಾರಿ ಸಣ್ಣ ಇಂಜಿನ್ನಿನ ಹಳೆಯ ಕಾರು ತೆಗೆದುಕೊಂಡೆ. ರಿಪೇರಿ ಬಂದರೆ ಮೊದಲ ಭಾಗ ನಾನೇ ಕೊಡುತ್ತೇನೆ ಅಂತ ಮೊತ್ತ ಏರಿಸಿದೆ, ನಿಜವಾಗಿ ಕೊಡಲು ಆಗುವಷ್ಟಕ್ಕೆ ಮಾತ್ರ. ವರ್ಷಕ್ಕೆ ಎಷ್ಟು ದೂರ ಓಡಿಸುತ್ತೇನೆ ಅನ್ನುವುದನ್ನು ಊಹೆ ಮಾಡದೆ ಮೀಟರ್ ನೋಡಿ ಬರೆದೆ. ತಿಂಗಳ ಕಂತಿಗೆ ಬಡ್ಡಿ ಸೇರುತ್ತಿತ್ತು, ಸಾಲ ಮಾಡದೆ ಆದಾಗ ಒಟ್ಟಿಗೆ ಕಟ್ಟಿದೆ. ಕಾರಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಹಾಕಿಸಿಕೊಂಡೆ, ವೇಗ, ಬ್ರೇಕ್, ಯಾವ ಹೊತ್ತಿನಲ್ಲಿ ಓಡಿಸುತ್ತೇನೆ ಎಲ್ಲ ಕಂಪನಿಗೆ ಹೋಗುತ್ತದೆ. ಮೊದಮೊದಲು ಯಾರೋ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ಈಗ ಅದು ಬೇಕು ಅನ್ನಿಸುತ್ತದೆ. ನಾನು ಬದಲಾಗಿದ್ದೇನೆ ಅಂತ ನಾನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಆ ಪೆಟ್ಟಿಗೆ ಹೇಳುತ್ತದೆ.

ಮದ್ಯದ ಬಗ್ಗೆ ಇರುವ ತರಗತಿಗಳಿಗೆ ಹೋದವರಿಗೆ ಕೆಲವು ಕಡೆ ಅನುಕೂಲ ಇದೆ. ಬ್ರಿಟನ್‌ನಲ್ಲಿ ಕೋರ್ಟು ಸೂಚಿಸಿದ ತರಗತಿ ಮುಗಿಸಿದರೆ ಲೈಸೆನ್ಸ್ ನಿಷೇಧದ ಅವಧಿ ಕಾಲು ಭಾಗದವರೆಗೂ ಕಡಿಮೆಯಾಗುತ್ತದೆ, ಕೆಲವು ವಿಮಾ ಕಂಪನಿಗಳೂ ಅದನ್ನು ಗಮನಿಸುತ್ತವೆ. ನಾನು ಹೋಗಿದ್ದು ವಿಮೆಗಾಗಿ. ಎರಡನೇ ದಿನ, ಕುಡಿದ ಚಾಲಕನೊಬ್ಬನಿಂದ ತಮ್ಮನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಬಂದು ಮಾತಾಡಿದಳು. ಅವಳು ಅಳಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. ತಮ್ಮನ ಬೈಕಿನ ಕೀಲಿ ಇನ್ನೂ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ, ತೆಗೆಯಲು ಅಮ್ಮ ಬಿಡುತ್ತಿಲ್ಲ ಅಂದಳು. ಆ ಚಾಲಕನಿಗೆ ವಿಮೆ ಇರಲಿಲ್ಲ. ಆಸ್ಪತ್ರೆಯ ಒಂಬತ್ತು ದಿನದ ಬಿಲ್ಲು ಅವರೇ ಕಟ್ಟಿದ್ದರು.

ಆವತ್ತಿನಿಂದ ಈ ಪತ್ರ ನನ್ನ ತಲೆಯಲ್ಲಿದೆ.

ವಿಮಾ ಕಂಪನಿಗಳಿಗೆ ಮತ್ತು ಅವರನ್ನು ನಿಯಂತ್ರಿಸುವವರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನದು ಒಂದೇ ಕೋರಿಕೆ. ಶಿಕ್ಷೆಯಾದವನಿಗೆ ಆಗಲ್ಲ ಅನ್ನುವ ಕಂಪನಿ, ಯಾರು ಕೊಡುತ್ತಾರೆ ಅಂತಾದರೂ ಹೇಳಿ ಕಳಿಸಲಿ. ಕೊಡುವ ಕಂಪನಿ ಪ್ರತಿ ವರ್ಷದ ರಿನ್ಯೂವಲ್ ಪತ್ರದಲ್ಲಿ ಒಂದು ಸಾಲು ಹಾಕಲಿ, ‘ನಿಮ್ಮ ಶಿಕ್ಷೆಯನ್ನು ಇಂಥ ತಾರೀಖಿನವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ’ ಅಂತ. ಅವಧಿ ಮುಗಿದಮೇಲೂ ಪ್ರೀಮಿಯಂ ತಾನಾಗಿ ಇಳಿಯುತ್ತದೆ ಅಂತ ಏನಿಲ್ಲ, ನಾವು ಕೇಳಬೇಕು, ಬೇರೆ ಕಡೆ ವಿಚಾರಿಸಬೇಕು, ಅದಕ್ಕೆ ಆ ತಾರೀಖು ಗೊತ್ತಿರಬೇಕು. ನನ್ನದು ಮುಗಿಯಲು ಇನ್ನು ಹನ್ನೊಂದು ತಿಂಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಗುರುತು ಹಾಕಿದ್ದಾಳೆ.

ಇಂತಿ,
ನಿಮ್ಮ ಓದುಗ